ಸೊನ್ನೆ ಬಿಲ್ಲಿನ ಹಿಂದೆ ಬಿಕ್ಕಳಿಸಿದ ಮೋಟಾರು

ಹೇಮಗಿರಿಯ ನಮ್ಮ ಮನೆಗೆ ಒಂದು ತಿಂಗಳು ಇನ್ನೂರು ಚಿಲ್ಲರೆ ರೂಪಾಯಿ ಕರೆಂಟ್ ಬಿಲ್ ಬಂತು. 2023ರ ಆಗಸ್ಟ್‌ನಿಂದ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಸೊನ್ನೆಯೇ ಬರುತ್ತಿದ್ದ ಮನೆ. ಅವ್ವನಿಗೆ ದುಡ್ಡಿಗಿಂತ ಬೇರೆಯದೇ ಚಿಂತೆ: “ಮೋಟ್ರು ರಾತ್ರಿಯೆಲ್ಲ ಬಿಕ್ಕಳಿಸ್ತಾ ಅದೆ ಕಣಪ್ಪ, ನಿದ್ದೆನೇ ಬರಾಕಿಲ್ಲ.”

ಹೇಮಾವತಿ ನೀರು ನಾಲೆಯಲ್ಲಿ ಹರಿಯುವಷ್ಟು ದಿನ ನಮ್ಮ ಹಿತ್ತಿಲ ಬಾವಿಗೆ ಬರವಿಲ್ಲ. ಮಹಡಿ ಕಟ್ಟಿಸಿದಾಗ ಬಾವಿಯ ಪಂಪಿಗೆ 24 ಲೀಟರಿನ ಪ್ರೆಷರ್ ಟ್ಯಾಂಕ್ ಕೂರಿಸಿದ್ದೆವು. ಅದರ ಹೊಟ್ಟೆಯಲ್ಲಿ ರಬ್ಬರ್ ಚೀಲ. ಚೀಲದೊಳಗೆ ನೀರು, ಸುತ್ತ ಗಾಳಿ. ಅದುಮಿಟ್ಟ ಆ ಗಾಳಿಯೇ ಒಂದೆರಡು ಚೊಂಬು ನೀರನ್ನು ಮೋಟಾರು ಎಬ್ಬಿಸದೆ ನಲ್ಲಿಗೆ ತಳ್ಳುತ್ತದೆ. ಚೀಲ ಹರಿದರೆ, ಎಲ್ಲೋ ಹನಿ ಸೋರಿದರೂ ಮೋಟಾರು ಏಳಲೇಬೇಕು.

ಮೊದಲು ಬಂದ ಮೆಕ್ಯಾನಿಕ್ ಪ್ರೆಷರ್ ಸ್ವಿಚ್ ಬದಲಿಸಿ ₹600 ತೆಗೆದುಕೊಂಡ. ಎರಡೇ ದಿನಕ್ಕೆ ಮತ್ತೆ ಅದೇ ಬಿಕ್ಕಳಿಕೆ. ಆಮೇಲೆ ಅಂಗಡಿಯವರು ಪಂಪು ಸಮೇತ ಹೊಸ ಸೆಟ್ಟಿಗೆ ₹14,000 ಹೇಳಿದರು. ಅವ್ವನ ನಿದ್ದೆ ನೆನೆದು ಒಪ್ಪಿಯೇ ಬಿಡುತ್ತಿದ್ದೆ.

ಅದಕ್ಕೂ ಮೊದಲು ಟ್ಯಾಂಕನ್ನೇ ಒಮ್ಮೆ ನೋಡಿದೆ. ಅದರ ಹಿಂಬದಿಯಲ್ಲಿ ಬೈಕ್ ಟ್ಯೂಬಿಗಿರುವಂಥ ವಾಲ್ವ್ ಇರುತ್ತದೆ. ಅದರ ಮುಚ್ಚಳ ಬಿಚ್ಚಿ ಮೊಳೆಯ ತುದಿಯಿಂದ ಒತ್ತಿದೆ. ಗಾಳಿ ಬರಬೇಕಾದಲ್ಲಿ ತುಕ್ಕು ಬಣ್ಣದ ನೀರು ಚಿಮ್ಮಿ ತೋಳು ತೊಯ್ದಿತು. ಚೀಲ ಹರಿದಿದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮಹಡಿಯ ಫ್ಲಶ್ ಟ್ಯಾಂಕಿನಲ್ಲಿ ನೂಲಿನಷ್ಟು ಸೋರಿಕೆಯೂ ಸಿಕ್ಕಿತು. ರಾತ್ರಿಯಿಡೀ ಮೋಟಾರನ್ನು ಎಬ್ಬಿಸುತ್ತಿದ್ದದ್ದು ಅದೇ.

ಚೀಲ ಮಾತ್ರವಾದರೆ ₹800ಕ್ಕೆ ಮುಗಿಯುತ್ತಿತ್ತು. ಟ್ಯಾಂಕಿನ ತಗಡೂ ತುಕ್ಕು ತಿಂದಿತ್ತು, ಹಾಗಾಗಿ ಹೊಸ ಟ್ಯಾಂಕಿಗೆ ₹2,900, ಕೂಲಿ ₹500, ಫ್ಲಶ್ಶಿನ ವಾಷರಿಗೆ ₹60 ಕೊಟ್ಟೆ.

ಮನೆಯ ಗೋಡೆಯ ತಂತಿಗೆ ಸಿಕ್ಕಿಸಿದ್ದ ಹಳೆಯ ಬಿಲ್ಲುಗಳನ್ನು ಅವತ್ತು ತೆಗೆದು ನೋಡಿದೆ. ಯೂನಿಟ್ಟು 72, 79, 88, ಕೊನೆಗೆ 131. 2022–23ರ ಸರಾಸರಿಗೆ ಶೇ 10 ಸೇರಿಸಿ ನಮಗೆ ಸಿಕ್ಕಿದ ಉಚಿತ ಮಿತಿ 97. ಅದರೊಳಗೆ ಇರುವವರೆಗೂ ಕಟ್ಟುವ ಮೊತ್ತ ಸೊನ್ನೆ, ಸೊನ್ನೆ ಕಂಡ ಮೇಲೆ ಯೂನಿಟ್ಟಿನ ಸಾಲು ನೋಡುವವರಾರು? ದುಡ್ಡು ಕಟ್ಟುವ ಕಾಲದಲ್ಲಾಗಿದ್ದರೆ ಏಳು ಯೂನಿಟ್ ಹೆಚ್ಚಾದಾಗಲೇ ಅವ್ವ ಕೇಳುತ್ತಿದ್ದಳು. ಗೃಹಜ್ಯೋತಿ ಅವಳಂಥವರಿಗೆ ನಿಜಕ್ಕೂ ಆಸರೆ. ಮೀಟರ್ ನೋಡುವುದನ್ನು ಬಿಟ್ಟ ತಪ್ಪು ನನ್ನದು. ಬಿಲ್ಲಿನ ಇನ್ನೂರು ಹೋಗಲಿ, ಪ್ರತಿ ಸಲ ಏಳುವಾಗ ಮೋಟಾರು ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಇನ್ನೊಂದು ತಿಂಗಳು ಹೀಗೇ ಬಿಟ್ಟಿದ್ದರೆ ವೈಂಡಿಂಗ್ ಸುಟ್ಟು ಹೋಗುತ್ತಿತ್ತೇನೋ.

ಹೊಸ ಟ್ಯಾಂಕ್ ತಂದವರು ಗಾಳಿಯನ್ನೂ ನೋಡಬೇಕು. ನಮ್ಮ ಸ್ವಿಚ್ 20 ಪೌಂಡಿಗೆ ಏಳುತ್ತದೆ, 40ಕ್ಕೆ ನಿಲ್ಲುತ್ತದೆ. ಏಳುವ ಅಂಕಿಗಿಂತ ಎರಡು ಕಡಿಮೆ, ಅಂದರೆ 18 ಪೌಂಡ್ ಗಾಳಿ ಇರಬೇಕು. ಸ್ವಿಚ್ ಆರಿಸಿ, ನಲ್ಲಿ ಬಿಟ್ಟು, ನೀರೆಲ್ಲ ಇಳಿದ ಮೇಲೆಯೇ ಅಳೆಯಬೇಕು. ಗಾಳಿ ಇಳಿದರೆ ಚೀಲ ಹಿಗ್ಗಿ ಹಿಗ್ಗಿ ಹರಿಯುತ್ತದೆ. ಹಳೆಯದನ್ನು ಹಾಕಿಸಿದ ದಿನದಿಂದ ನಾವು ಒಮ್ಮೆಯೂ ಅಳೆದಿರಲಿಲ್ಲ. ಪಂಕ್ಚರ್ ಅಂಗಡಿಯಿಂದ ಗೇಜ್ ಎರವಲು ತಂದು, ಸೈಕಲ್ ಪಂಪಿನಲ್ಲೇ ಹೊಡೆದೆ.

ಈಗ ಬಿಲ್ ಬಂದ ದಿನ ಅವ್ವ ಪಕ್ಕದ ಮನೆಯ ಹುಡುಗಿಯಿಂದ ಯೂನಿಟ್ಟನ್ನು ಕ್ಯಾಲೆಂಡರಿನ ಮೇಲೆ ಬರೆಸುತ್ತಾಳೆ. ಹೋದ ತಿಂಗಳು 74.