‘ಎಷ್ಟರಲ್ಲಿ’ ಗೊತ್ತಾದರೆ ‘ಎಷ್ಟು’ ಸುಲಭ

ಪಿಯುಸಿ ಗಣಿತದಲ್ಲಿ ಸಂಭವನೀಯತೆಯ ಅಧ್ಯಾಯಕ್ಕೆ ಕಷ್ಟದ್ದೆಂಬ ಹೆಸರು ಹೇಗೆ ಬಂತೋ ಆಶ್ಚರ್ಯ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಿಟ್ಟರೆ ಅದರಲ್ಲಿ ಬೇರೆ ಲೆಕ್ಕವಿಲ್ಲ. ಆದರೂ ಇಂಟಿಗ್ರೇಷನ್ ಸಲೀಸಾಗಿ ಬಿಡಿಸುವವರು ಎರಡು ದಾಳಗಳ ಪ್ರಶ್ನೆಯಲ್ಲಿ ಎಡವುತ್ತಾರೆ. ಉತ್ತರ ತಪ್ಪಿದಾಗ ಹೆಚ್ಚಿನವರು ಯಾವ ಸೂತ್ರ ಹಾಕಬೇಕಿತ್ತು ಎಂದು ಹಿಂದಿನ ಪುಟ ತಿರುವುತ್ತಾರೆ. ತಿರುವಬೇಕಾದದ್ದು ತಮ್ಮದೇ ಭಿನ್ನರಾಶಿಯನ್ನು, ಅದರಲ್ಲೂ ಗೆರೆಯ ಕೆಳಗಿರುವ ಸಂಖ್ಯೆಯನ್ನು. ‘ಹತ್ತರಲ್ಲಿ ಮೂರು’ ಎಂದು ನಾವು ಮಾತಿನಲ್ಲಿ ಹೇಳುವಾಗ ಹತ್ತು ಮೊದಲು ಬರುತ್ತದೆ, ಮೂರು ಆಮೇಲೆ. ಎಷ್ಟರಲ್ಲಿ ಎಂಬುದು ಗೊತ್ತಾದ ಮೇಲೆ ಎಷ್ಟು ಎಂಬ ಪ್ರಶ್ನೆ. ಅದೇ ‘ಮೂರು ಬೈ ಹತ್ತು’ ಎಂದು ಬರೆಯಲು ಕೂತಾಗ ಕ್ರಮ ತಲೆಕೆಳಗಾಗುತ್ತದೆ: ಬೇಕಾದ ಫಲಿತಗಳನ್ನು ಮೊದಲು ಎಣಿಸಿ, ಆಮೇಲೆ ಕೈಗೆ ಸಿಕ್ಕ ಸಂಖ್ಯೆಯೊಂದನ್ನು ಕೆಳಗೆ ಇಡುತ್ತೇವೆ. ಸಂಭವನೀಯತೆಯ ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ. ಆದ್ದರಿಂದ ಮೊದಲ ಹೆಜ್ಜೆ ಇದು: ಪ್ರಶ್ನೆ ಓದಿ, ಪೆನ್ನು ಎತ್ತಿ, ಮೊದಲು ಛೇದವನ್ನು ಗೊತ್ತು ಮಾಡಿಕೊಳ್ಳಿ.

ಈ ತಪ್ಪು ದಡ್ಡರದ್ದು ಎಂದುಕೊಳ್ಳಬೇಕಿಲ್ಲ. ಫ್ರಾನ್ಸಿನ ದೊಡ್ಡ ಗಣಿತಜ್ಞ ಡಾಲೆಂಬರ್ಟ್ 1754ರಲ್ಲಿ ಅಲ್ಲಿನ ಪ್ರಸಿದ್ಧ ವಿಶ್ವಕೋಶಕ್ಕೆ ನಾಣ್ಯ ಚಿಮ್ಮುವ ಬಗ್ಗೆ ಒಂದು ಲೇಖನ ಬರೆದ. ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಹೆಡ್ ಬೀಳುವ ಸಂಭವನೀಯತೆ ಎಷ್ಟು? ಅವನ ವಾದ ಹೀಗಿತ್ತು: ಮೊದಲ ಸಲವೇ ಹೆಡ್ ಬಿದ್ದರೆ ಆಟ ಮುಗಿಯಿತು, ಇಲ್ಲವಾದರೆ ಟೇಲ್ ಆದಮೇಲೆ ಹೆಡ್, ಅಥವಾ ಟೇಲ್ ಆದಮೇಲೆ ಮತ್ತೆ ಟೇಲ್. ಒಟ್ಟು ಮೂರು ಬಗೆ, ಅದರಲ್ಲಿ ಎರಡು ಅನುಕೂಲ, ಆದ್ದರಿಂದ 2/3. ಸರಿಯುತ್ತರ 3/4. ಅವನು ಅನುಕೂಲದ ಬಗೆಗಳನ್ನು ಎಣಿಸಿದ್ದರಲ್ಲಿ ಲೋಪವಿಲ್ಲ. ಮೂರನ್ನೂ ಸಮತೂಕದವು ಎಂದುಕೊಂಡದ್ದೇ ಲೋಪ. ಮೊದಲ ಸಲವೇ ಹೆಡ್ ಎಂಬ ಒಂದು ಬಗೆಯೊಳಗೆ ಹೆಡ್-ಹೆಡ್, ಹೆಡ್-ಟೇಲ್ ಎಂಬ ಎರಡು ಫಲಿತಗಳು ಅಡಗಿವೆ. ಆಟ ನಿಂತರೂ ಅದರ ತೂಕ ಅರ್ಧವೇ.

ಗೆಲಿಲಿಯೋ ಮುಂದೆ ಬಂದ ಪ್ರಶ್ನೆ ಇನ್ನೂ ಸೂಕ್ಷ್ಮ. ಮೂರು ದಾಳ ಎಸೆದಾಗ ಮೊತ್ತ 9 ಬರುವುದಕ್ಕೂ ಆರು ಬಗೆ, 10 ಬರುವುದಕ್ಕೂ ಆರು ಬಗೆ. ಆದರೂ 10 ಕೊಂಚ ಹೆಚ್ಚು ಬೀಳುತ್ತದೆಂದು ಜೂಜುಗಾರರಿಗೆ ಅನುಭವದಿಂದ ಗೊತ್ತಿತ್ತು. ಕಾಗದದ ಮೇಲೆ ಬರೆದು ನೋಡಿ. 9ಕ್ಕೆ 1-2-6, 1-3-5, 1-4-4, 2-2-5, 2-3-4, 3-3-3. ಮೂರೂ ಅಂಕೆ ಬೇರೆಯಾಗಿದ್ದರೆ ಅದು ಆರು ರೀತಿಯಲ್ಲಿ ಬೀಳಬಹುದು, ಎರಡು ಒಂದೇ ಆಗಿದ್ದರೆ ಮೂರು ರೀತಿ, ಮೂರೂ ಒಂದೇ ಆದರೆ ಒಂದೇ ರೀತಿ. ಕೂಡಿದರೆ 6+6+3+3+6+1, ಅಂದರೆ 25. 10ಕ್ಕೆ 1-3-6, 1-4-5, 2-2-6, 2-3-5, 2-4-4, 3-3-4. ಕೂಡಿದರೆ 6+6+3+6+3+3, ಅಂದರೆ 27. ಛೇದ ಎರಡಕ್ಕೂ 216. ವ್ಯತ್ಯಾಸವೆಲ್ಲ 3-3-3 ಎಂಬ ಒಂಟಿ ಫಲಿತದಿಂದ ಬಂದದ್ದು. ದಾಳಗಳು ನೋಡಲು ಒಂದೇ ತರಹ ಇದ್ದರೂ ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು, ಒಂದಕ್ಕೆ ನೀಲಿ ಬಣ್ಣ ಬಳಿದಂತೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಈ ಗೊಂದಲ ಹತ್ತಿರ ಸುಳಿಯುವುದಿಲ್ಲ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಎಣಿಸಿ ಭಾಗಿಸುವುದು ಫಲಿತಗಳೆಲ್ಲ ಸಮಸಂಭವನೀಯವಾದಾಗ ಮಾತ್ರ ನಡೆಯುತ್ತದೆ. ಪ್ರಥಮ ಪಿಯುಸಿಯಲ್ಲೇ ಆಧಾರಸೂತ್ರಗಳ ಮೂಲಕ ಸಂಭವನೀಯತೆಯನ್ನು ಹೇಳಿಕೊಡುವಾಗ ಈ ಛೇದದ ಮಾತು ಹಳತಾಯಿತಲ್ಲವೇ? ರಷ್ಯಾದ ಗಣಿತಜ್ಞ ಕೊಲ್ಮೊಗೊರೊವ್ 1933ರಲ್ಲಿ ಕಟ್ಟಿಕೊಟ್ಟ ಚೌಕಟ್ಟಿನಲ್ಲಿ ಎಣಿಕೆಯ ಪ್ರಸ್ತಾಪವಿಲ್ಲ ನಿಜ. ಪ್ರತಿ ಫಲಿತಕ್ಕೂ ಒಂದು ತೂಕ, ಎಲ್ಲ ತೂಕಗಳ ಮೊತ್ತ 1, ಅಷ್ಟೇ. ಆದರೆ ಆ 1 ಯಾವುದರ ಮೊತ್ತ ಎಂಬುದನ್ನು ಅಲ್ಲಿಯೂ ಮೊದಲೇ ಹೇಳಬೇಕು. ಡಾಲೆಂಬರ್ಟನ ಮೂರು ಬಗೆಗಳಿಗೆ 1/2, 1/4, 1/4 ಎಂಬ ತೂಕ ಕೊಟ್ಟುಬಿಟ್ಟರೆ ಅವನ ಪಟ್ಟಿಯೇ ಸರಿಯುತ್ತರ ಕೊಡುತ್ತದೆ. ಎಣಿಕೆಯಾದರೂ ಸರಿ, ತೂಕವಾದರೂ ಸರಿ, ಸ್ಯಾಂಪಲ್ ಸ್ಪೇಸ್ ಮೊದಲು.

ಬುಟ್ಟಿಯಿಂದ ಎತ್ತುವ ಲೆಕ್ಕಗಳಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಬುಟ್ಟಿಯಲ್ಲಿ 10 ಮಾವಿನಹಣ್ಣು, 3 ಹುಳುಕು, 7 ಒಳ್ಳೆಯವು. ಎರಡು ಹಣ್ಣು ಎತ್ತಿದಾಗ, ಮೊದಲಿನದನ್ನು ವಾಪಸ್ ಇಡದೆ, ಒಂದು ಒಳ್ಳೆಯದು ಒಂದು ಹುಳುಕು ಬರುವ ಸಂಭವನೀಯತೆ? ಬಹಳ ಮಂದಿ ಬರೆಯುವುದು 7/10 × 3/9, ಅಂದರೆ 21/90. ಇಲ್ಲಿ 90 ಎಂಬ ಛೇದವನ್ನು ನಿಲ್ಲಿಸಿ ಕೇಳಬೇಕು: ನೀನು ಏನನ್ನು ಎಣಿಸುತ್ತಿದ್ದೀಯ? ಮೊದಲ ಹಣ್ಣಿಗೆ 10 ಆಯ್ಕೆ, ಎರಡನೆಯದಕ್ಕೆ 9. ಅಂದರೆ ಅದು ಕ್ರಮ ಸಹಿತವಾದ ಜೋಡಿಗಳ ಎಣಿಕೆ. ಕೆಳಗೆ ಕ್ರಮ ಎಣಿಸಿದ ಮೇಲೆ ಮೇಲೂ ಎಣಿಸಬೇಕು: ಒಳ್ಳೆಯದು ಆಮೇಲೆ ಹುಳುಕು 21, ಹುಳುಕು ಆಮೇಲೆ ಒಳ್ಳೆಯದು 21. ಉತ್ತರ 42/90, ಅಂದರೆ 7/15. ಕ್ರಮ ಬೇಡವೆಂದಾದರೆ ಹತ್ತರಲ್ಲಿ ಎರಡನ್ನು ಆರಿಸುವ ವಿಕಲ್ಪಗಳು 45, ಅಂಶ 7×3, ಅಂದರೆ 21, ಮತ್ತೆ 7/15. ಎರಡು ದಾರಿಯೂ ಸರಿ, ಒಂದರ ಅಂಶವನ್ನು ಇನ್ನೊಂದರ ಛೇದದ ಮೇಲೆ ಕೂರಿಸಿದರೆ ಮಾತ್ರ ಕೆಡುತ್ತದೆ. ತಾಳೆ ನೋಡುವುದೂ ಸುಲಭ: ಎರಡೂ ಒಳ್ಳೆಯವು 21, ಎರಡೂ ಹುಳುಕು 3, ಒಂದೊಂದು 21, ಕೂಡಿದರೆ 45. ಮೊತ್ತ ಛೇದಕ್ಕೆ ಸಮ ಬಾರದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ಅಂದಹಾಗೆ ಈ 45ನ್ನು ಪಡೆಯುವ ನಿಯಮ, ಇಳಿಯುವ ಸಂಖ್ಯೆಗಳ ಗುಣಲಬ್ಧವನ್ನು ಏರುವ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸುವುದು, ನಮಗೆ ಹೊರಗಿನಿಂದ ಬಂದದ್ದೇನಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಅದನ್ನು ಸಾಮಾನ್ಯ ರೂಪದಲ್ಲೇ ಕೊಟ್ಟಿದ್ದಾನೆ.

ದ್ವಿತೀಯ ಪಿಯುಸಿಗೆ ಬಂದಾಗ ಕಂಡೀಷನಲ್ ಪ್ರಾಬಬಿಲಿಟಿ ಎಂಬ ಹೆಸರೇ ಅರ್ಧ ಹೆದರಿಸುತ್ತದೆ. ಅದು ಛೇದ ಕುಗ್ಗಿಸುವ ಕೆಲಸ, ಬೇರೇನೂ ಇಲ್ಲ. ಇಬ್ಬರು ಮಕ್ಕಳಿರುವ ಮನೆ. ಕನಿಷ್ಠ ಒಬ್ಬ ಗಂಡು ಎಂದು ಗೊತ್ತಿದೆ. ಇಬ್ಬರೂ ಗಂಡಾಗಿರುವ ಸಂಭವನೀಯತೆ? ದೊಡ್ಡದು, ಚಿಕ್ಕದು ಎಂಬ ಕ್ರಮದಲ್ಲಿ ಬರೆದರೆ ಗಂಡು-ಗಂಡು, ಗಂಡು-ಹೆಣ್ಣು, ಹೆಣ್ಣು-ಗಂಡು, ಹೆಣ್ಣು-ಹೆಣ್ಣು. ಕೊಟ್ಟ ಮಾಹಿತಿ ಕೊನೆಯದನ್ನು ಹೊಡೆದುಹಾಕುತ್ತದೆ. ಉಳಿದದ್ದು ಮೂರು, ಉತ್ತರ 1/3. ಅದೇ ಪ್ರಶ್ನೆಯಲ್ಲಿ ‘ದೊಡ್ಡ ಮಗು ಗಂಡು’ ಎಂದಿದ್ದರೆ ಎರಡು ಹೋಗುತ್ತವೆ, ಉಳಿದದ್ದು ಎರಡು, ಉತ್ತರ 1/2. ಮಾತಿನಲ್ಲಿ ಒಂದೇ ರೀತಿ ಕೇಳಿಸುವ ಎರಡು ವಾಕ್ಯಗಳು ಬೇರೆ ಬೇರೆ ಸಾಲುಗಳನ್ನು ಅಳಿಸುತ್ತವೆ. ಪೆನ್ಸಿಲ್‌ನಲ್ಲಿ ಪಟ್ಟಿ ಬರೆದು ಸಾಲು ಹೊಡೆಯುವುದು ಚಿಕ್ಕ ಮಕ್ಕಳ ಕೆಲಸ ಎನ್ನಿಸಬಹುದು. ಸೂತ್ರ ಹೇಳುವುದೂ ಅದನ್ನೇ, ಹೊಡೆದ ಸಾಲುಗಳನ್ನು ಮಾತ್ರ ಅದು ತೋರಿಸುವುದಿಲ್ಲ. ಸ್ವತಂತ್ರ ಘಟನೆಗಳೆಂದರೆ ಇಷ್ಟೇ: ಛೇದ ಕುಗ್ಗಿದರೂ ಪ್ರಮಾಣ ಬದಲಾಗದವು. ದಾಳದಲ್ಲಿ ಸಮಸಂಖ್ಯೆ ಬೀಳುವುದು 1/2. 3ರ ಗುಣಕ ಬಿದ್ದಿದೆ ಎಂದು ಗೊತ್ತಾದ ಮೇಲೂ, 3 ಮತ್ತು 6ರ ನಡುವೆ, 1/2. ಆದರೆ 4ಕ್ಕೆ ಕಡಿಮೆಯಿಲ್ಲ ಎಂದು ಗೊತ್ತಾದರೆ 4, 5, 6ರ ನಡುವೆ ಅದು 2/3, ಇವು ಸ್ವತಂತ್ರವಲ್ಲ. ಪರಸ್ಪರ ವರ್ಜಕ ಘಟನೆಗಳನ್ನು ಸ್ವತಂತ್ರ ಎಂದು ಬರೆಯುವವರು ಈ ಪರೀಕ್ಷೆ ಮಾಡಿ ನೋಡಲಿ: ಒಂದು ನಡೆದರೆ ಇನ್ನೊಂದರ ಸಂಭವನೀಯತೆ ಸೊನ್ನೆಗೆ ಇಳಿಯುತ್ತದೆ, ಅದಕ್ಕಿಂತ ದೊಡ್ಡ ಅವಲಂಬನೆ ಯಾವುದಿದೆ?

ಬೇಯ್ಸ್ ಪ್ರಮೇಯ ಈ ದಾರಿಯ ತುದಿ. ಥಾಮಸ್ ಬೇಯ್ಸ್ ಇಂಗ್ಲೆಂಡಿನ ಪಾದ್ರಿ. 1761ರಲ್ಲಿ ತೀರಿಕೊಂಡ, ಅವನ ಪ್ರಬಂಧವನ್ನು ಗೆಳೆಯ ರಿಚರ್ಡ್ ಪ್ರೈಸ್ 1763ರಲ್ಲಿ ಬೆಳಕಿಗೆ ತಂದ. ಪುಸ್ತಕದ ಸೂತ್ರದಲ್ಲಿ ಛೇದವೇ ಉದ್ದವಾದ ಮೊತ್ತ, ಅದಕ್ಕೇ ಬಾಯಿಪಾಠ ಮಾಡಿದವರು ಅಲ್ಲಿ ಒಂದು ಪದ ಬಿಡುತ್ತಾರೆ. ಸೂತ್ರಕ್ಕೆ ಮೊದಲು ಜನರನ್ನು ಎಣಿಸಿ. ನೂರಕ್ಕೆ ಒಬ್ಬರಿಗೆ ಒಂದು ಕಾಯಿಲೆ ಇದೆ ಎನ್ನೋಣ. ಪರೀಕ್ಷೆ ಕಾಯಿಲೆಯವರಲ್ಲಿ ಶೇ 90 ಮಂದಿಯನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲೂ ಶೇ 5 ಮಂದಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಪಾಸಿಟಿವ್ ಬಂದವರಿಗೆ ನಿಜಕ್ಕೂ ಕಾಯಿಲೆ ಇರುವ ಸಂಭವನೀಯತೆ ಎಷ್ಟು? 2000 ಜನರನ್ನು ತೆಗೆದುಕೊಳ್ಳಿ. 20 ಮಂದಿಗೆ ಕಾಯಿಲೆ, ಅವರಲ್ಲಿ 18 ಪಾಸಿಟಿವ್. ಉಳಿದ 1980ರಲ್ಲಿ 99 ಪಾಸಿಟಿವ್. ಪ್ರಶ್ನೆ ಕೇಳುತ್ತಿರುವುದು ಪಾಸಿಟಿವ್ ಬಂದವರ ಬಗ್ಗೆ, ಅವರು 117. ಅವರಲ್ಲಿ 18, ಅಂದರೆ 2/13, ಶೇ 15ರ ಆಸುಪಾಸು. ಶೇ 90 ಎಂದು ಗುರುತು ಹಾಕುವವರು 18ನ್ನು 20ರಿಂದ ಭಾಗಿಸಿದ್ದಾರೆ. ಅಂಶ ಒಂದೇ, ಛೇದ ಬೇರೆ. ಉತ್ತರ ಪತ್ರಿಕೆಯಲ್ಲಿ ಜನರ ಲೆಕ್ಕ ಬರೆದರೆ ಸ್ಟೆಪ್ ಮಾರ್ಕ್ಸ್ ಸಿಗುತ್ತದೆಯೇ ಎಂಬ ಅನುಮಾನ ಸಹಜ. ಬೋರ್ಡ್ ಪರೀಕ್ಷೆಯಲ್ಲಿ ಘಟನೆಗಳಿಗೆ ಹೆಸರಿಟ್ಟು, ಪ್ರಮೇಯ ಬರೆದು, ಬೆಲೆ ತುಂಬುವುದೇ ಕ್ಷೇಮ. ಜನರ ಲೆಕ್ಕ ರಫ್ ಪುಟದಲ್ಲಿರಲಿ. ತುಂಬಿದ ಬೆಲೆಗಳು ಸರಿಯೇ ಎಂದು ಹೇಳುವುದು ಅದೇ.

ಇದಕ್ಕೆಲ್ಲ ಸಮಯವೆಲ್ಲಿ ಎಂಬುದು ಇನ್ನೊಂದು ಆಕ್ಷೇಪ. ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಒಂದಕ್ಕೆ 80 ಸೆಕೆಂಡ್. ಪಟ್ಟಿ ಬರೆಯುತ್ತಾ ಕೂತರೆ ಮುಗಿಯಿತು ಎನ್ನುತ್ತಾರೆ. ಛೇದ ಗೊತ್ತು ಮಾಡುವುದೆಂದರೆ ಪ್ರತಿ ಸಲವೂ ಎಲ್ಲವನ್ನೂ ಬರೆಯುವುದಲ್ಲ. ಹಳೆಯ ಉದಾಹರಣೆಯೊಂದನ್ನು ನೋಡಿ: 1654ರಲ್ಲಿ ಗಣಿತಜ್ಞರಾದ ಪಾಸ್ಕಲ್ ಮತ್ತು ಫೆರ್ಮಾ ನಡುವೆ ಪತ್ರ ಓಡಾಡಿದ್ದು ಶೆವಲಿಯೆ ದ ಮೆರೆ ಎಂಬ ಜೂಜಿನ ರಸಿಕ ಎತ್ತಿದ ಪ್ರಶ್ನೆಗಳಿಂದ. ಒಂದು ದಾಳವನ್ನು ನಾಲ್ಕು ಸಲ ಎಸೆದರೆ ಒಮ್ಮೆಯಾದರೂ 6 ಬೀಳುವುದು ಲಾಭದ ಪಣ. ಹಾಗಾದರೆ ಎರಡು ದಾಳವನ್ನು 24 ಸಲ ಎಸೆದಾಗ ಒಮ್ಮೆಯಾದರೂ ಜೋಡಿ 6 ಬೀಳುವುದೂ ಲಾಭವೇ ಅಲ್ಲವೇ, ಆರಕ್ಕೆ ನಾಲ್ಕು, ಮೂವತ್ತಾರಕ್ಕೆ ಇಪ್ಪತ್ತನಾಲ್ಕು? ಒಂದು ದಾಳ ನಾಲ್ಕು ಸಲ ಎಂದರೆ ಛೇದ 1296. ಬರೆಯಲಾಗದು, ಆದರೆ ಹೇಳಬಹುದು. ‘ಕನಿಷ್ಠ ಒಂದು’ ಎಂಬ ಮಾತು ಕಂಡ ಕೂಡಲೇ ಉಲ್ಟಾ ಎಣಿಸಬೇಕು: ಒಮ್ಮೆಯೂ 6 ಬೀಳದವು ಐದರ ನಾಲ್ಕನೇ ಘಾತ, 625. ಉಳಿದದ್ದು 671, 671/1296 ಎಂದರೆ 0.518. ಎರಡು ದಾಳದಲ್ಲಿ ಇದೇ ಲೆಕ್ಕ 0.491ಕ್ಕೆ ನಿಲ್ಲುತ್ತದೆ, ಅರ್ಧಕ್ಕಿಂತ ಕಡಿಮೆ, ನಷ್ಟದ ಪಣ. ಛೇದವನ್ನು ಹೇಳಲು ಐದು ಸೆಕೆಂಡ್ ಸಾಕು, ಮತ್ತು ಆ ಐದು ಸೆಕೆಂಡ್ ತಪ್ಪು ಆಯ್ಕೆಯಿಂದ ಉಳಿಸುತ್ತದೆ. ಬಹು ಆಯ್ಕೆ ಪ್ರಶ್ನೆ ತಯಾರಿಸುವವರು ಶೇ 90 ಎಂಬಂಥ ಆಯ್ಕೆಯನ್ನು ಇಟ್ಟೇ ಇರುತ್ತಾರೆ.

ಸಂಖ್ಯಾಶಾಸ್ತ್ರದ ಅಧ್ಯಾಯದಲ್ಲಿ ವಿಷಯ ಇಷ್ಟು ಜಟಿಲವಲ್ಲ. ಮಾನಕ ವಿಚಲನೆಗೆ ಕೋಷ್ಟಕ ಹಾಕಿ, ವಿಚಲನೆಗಳ ಕಾಲಮ್ ಕೂಡಿದಾಗ ಸೊನ್ನೆ ಬಂತೇ ನೋಡಿ, ವರ್ಗ ಮಾಡಿ ಕೂಡಿ, ಪ್ರಾಪ್ತಾಂಕಗಳ ಸಂಖ್ಯೆಯಿಂದ ಭಾಗಿಸಿದರೆ ವೇರಿಯನ್ಸ್, ಅದರ ವರ್ಗಮೂಲ ಮಾನಕ ವಿಚಲನೆ. 4, 6, 8, 10, 12ಕ್ಕೆ ಸರಾಸರಿ 8, ವರ್ಗಗಳ ಮೊತ್ತ 40, ವೇರಿಯನ್ಸ್ 8. ಎಲ್ಲದಕ್ಕೂ 5 ಕೂಡಿದರೆ ವೇರಿಯನ್ಸ್ ಅಲುಗುವುದಿಲ್ಲ, ಎಲ್ಲವನ್ನೂ 3ರಿಂದ ಗುಣಿಸಿದರೆ ಒಂಬತ್ತು ಪಟ್ಟು, 72. ಇಲ್ಲಿಯೂ ಕಾಡುವುದು ‘ತಪ್ಪಾಗಿ ಓದಲಾಗಿದೆ’ ಎಂಬ ಜಾತಿಯ ಪ್ರಶ್ನೆ. 10 ಪ್ರಾಪ್ತಾಂಕಗಳ ಸರಾಸರಿ 12, ಮಾನಕ ವಿಚಲನೆ 3, 5 ಎಂಬುದನ್ನು 15 ಎಂದು ಓದಲಾಗಿತ್ತು, ಸರಿಪಡಿಸಿ. ಸರಾಸರಿಯನ್ನೂ ವಿಚಲನೆಯನ್ನೂ ನೇರವಾಗಿ ತಿದ್ದಲು ಹೋಗಬೇಡಿ, ಅವು ಭಾಗಿಸಿ ಆದ ಸಂಖ್ಯೆಗಳು. ಭಾಗಿಸುವ ಮೊದಲಿನ ಮೊತ್ತಗಳಿಗೆ ಹಿಂದಿರುಗಿ: ಮೊತ್ತ 120, ವರ್ಗಗಳ ಮೊತ್ತ 10 × (9 + 144), ಅಂದರೆ 1530. ಹೊಸ ಮೊತ್ತ 110, ಹೊಸ ಸರಾಸರಿ 11. ಹೊಸ ವರ್ಗಗಳ ಮೊತ್ತ 1530 − 225 + 25, ಅಂದರೆ 1330. ವೇರಿಯನ್ಸ್ 133 − 121, ಅಂದರೆ 12. 15ರಿಂದ 5 ಕಳೆದು ಬಂದ 10ರ ವರ್ಗವನ್ನು ತೆಗೆದವರಿಗೆ ವೇರಿಯನ್ಸ್ 22 ಸಿಗುತ್ತದೆ, ಅದು ತಪ್ಪು. ಪ್ರಶ್ನೆ ತಿದ್ದುವ ಬದಲು ಆ 15ನ್ನು ಕೈಬಿಡಿ ಎಂದಿದ್ದರೆ ಮೊತ್ತ 105, ವರ್ಗಗಳ ಮೊತ್ತ 1305, ಮತ್ತು ಭಾಗಿಸಬೇಕಾದದ್ದು 9ರಿಂದ. ಸರಾಸರಿ 35/3, ವೇರಿಯನ್ಸ್ 80/9. ಈ 9ರ ಜಾಗದಲ್ಲಿ ಅಭ್ಯಾಸಬಲದಿಂದ 10 ಹಾಕಿದವರಿಗೆ ವೇರಿಯನ್ಸ್ 20.25 ಬರುತ್ತದೆ, ಅಂಕೆ ನೋಡಲು ಚೆನ್ನಾಗಿಯೇ ಇರುತ್ತದೆ. ಅನುಮಾನ ಬರಬೇಕಾದದ್ದು ಬೇರೆ ಕಡೆಯಿಂದ: ಸರಾಸರಿಯಿಂದ ಮೂರೇ ದೂರವಿದ್ದ ಒಂದು ಪ್ರಾಪ್ತಾಂಕವನ್ನು ತೆಗೆದರೆ 9 ಇದ್ದ ವೇರಿಯನ್ಸ್ ಇಪ್ಪತ್ತಕ್ಕೆ ಜಿಗಿಯುವುದು ಹೇಗೆ?