ಜಮೀನಿನ ಲೆಕ್ಕಕ್ಕೆ ಮೂಲವೊಂದೇ ಇರತಕ್ಕದ್ದು

ಒಂದೇ ಜಮೀನಿಗೆ ನಾಲ್ಕು ಕಡೆಗಳಲ್ಲಿ ನಾಲ್ಕು ಬಗೆಯ ಲೆಕ್ಕಗಳಿದ್ದರೆ ಆಪತ್ಕಾಲದಲ್ಲಿ ಅವುಗಳಲ್ಲೊಂದೂ ಉಪಯೋಗಕ್ಕೆ ಬಾರದು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಹಿಡುವಳಿಗಳು ಬಹುತೇಕ ಸಣ್ಣವು. ಗದ್ದೆ, ತೋಟಗಳು ಹಲವು ಹಿಸ್ಸೆಗಳಾಗಿ ಹಂಚಿಹೋಗಿರುತ್ತವೆ. ಕಗ್ಗ ಭತ್ತ ಬೆಳೆಯುವ ಅಘನಾಶಿನಿಯ ಗಜನಿಗಳಲ್ಲಂತೂ ಕಟ್ಟೆಯೊಡೆದು ಉಪ್ಪುನೀರು ನುಗ್ಗಿದರೆ ನೆಲದ ಮೇಲಿನ ಗಡಿಗುರುತುಗಳೇ ಅಳಿದುಹೋಗುವುವು. ಆಗ ಉಳಿಯುವ ಆಧಾರವು ದಾಖಲೆಯೇ.

ಈ ದಾಖಲೆಗಳ ಮೂಲವು ಪಹಣಿ. ಅದರ 9ನೆಯ ಅಂಕಣದಲ್ಲಿ ಸ್ವಾಧೀನದಾರನ ಹೆಸರು, 11ರಲ್ಲಿ ಸಾಲ ಮೊದಲಾದ ಋಣಗಳು, 12ರಲ್ಲಿ ಸಾಗುವಳಿ ಹಾಗೂ ಬೆಳೆಗಳ ವಿವರಗಳಿರುತ್ತವೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಕಲಮಿನಂತೆ, ವಿರುದ್ಧವಾದುದು ಸಿದ್ಧವಾಗುವವರೆಗೆ ಅದರ ನಮೂದು ಸತ್ಯವೆಂದೇ ಭಾವಿಸಲ್ಪಡುವುದು. ಹಿಂದೆ ಕೈಬರಹದ ಪಹಣಿಗಳು ಗ್ರಾಮಲೆಕ್ಕಿಗರ ವಶದಲ್ಲಿರುತ್ತಿದ್ದುವು. ‘ಭೂಮಿ’ ಯೋಜನೆಯಿಂದ ಲೆಕ್ಕವು ಗಣಕಯಂತ್ರಕ್ಕೆ ಏರಿದ ಮೇಲೆ ಕೈಬರಹದ ಪ್ರತಿಯ ಬಳಕೆಯನ್ನು ನಿಲ್ಲಿಸಲಾಯಿತು. ಎರಡನ್ನೂ ನಡೆಸಿದ್ದರೆ ಒಂದರಲ್ಲಾದ ತಿದ್ದುಪಡಿ ಮತ್ತೊಂದಕ್ಕೆ ಬಾರದೆ, ಯಾವುದು ಸರಿಯೆಂಬ ವ್ಯಾಜ್ಯವೇ ಉಳಿಯುತ್ತಿತ್ತು.

ಒಂದು ಉದಾಹರಣೆಯನ್ನು ನೋಡಬಹುದು. ತಂದೆಯ ಹೆಸರಿನ 1 ಎಕರೆ 20 ಗುಂಟೆ, ಅಂದರೆ 60 ಗುಂಟೆ ಗದ್ದೆಯನ್ನು ಮೂವರು ಮಕ್ಕಳು ತಲಾ 20 ಗುಂಟೆಯಂತೆ ಬಾಯಿಮಾತಿನಿಂದ ಪಾಲುಮಾಡಿಕೊಂಡರು. ತಂದೆ ತೀರಿಕೊಂಡ ಮೇಲೂ ಪಹಣಿ ಬದಲಾಗಲಿಲ್ಲ. ಸಹಕಾರಿ ಸಂಘದ ಸಾಲದ ಪುಸ್ತಕದಲ್ಲಿ ಹಿರಿಯನ ಹೆಸರು, ಬೆಳೆ ಸಮೀಕ್ಷೆಯಲ್ಲಿ ಬೇರೊಂದು ಬೆಳೆ. ಬೆಳೆ ನಾಶವಾದ ವರ್ಷ ಈ ಮೂರೂ ಲೆಕ್ಕಗಳು ತಾಳೆಯಾಗದಿದ್ದರೆ ಪರಿಹಾರವಾಗಲಿ ವಿಮೆಯಾಗಲಿ ಸರಿಯಾಗಿ ಸೇರುವುದು ಹೇಗೆ?

ಆದುದರಿಂದ ಜಮೀನುದಾರರು ಈ ಕ್ರಮಗಳನ್ನು ಅನುಸರಿಸತಕ್ಕದ್ದು.

1. ವಾರಸಾ, ಪಾಲು ಮೊದಲಾದವುಗಳಿಂದ ಹಕ್ಕು ಬಂದಾಗ 3 ತಿಂಗಳೊಳಗೆ ವರದಿಮಾಡಿ ಪಹಣಿಯನ್ನು ಬದಲಾಯಿಸಿಕೊಳ್ಳಬೇಕು. ತಡಮಾಡಿದಷ್ಟೂ ವಾರಸುದಾರರ ಸಂಖ್ಯೆ ಹೆಚ್ಚಿ ಒಮ್ಮತವು ಕಠಿಣವಾಗುವುದು.

2. ತಪ್ಪನ್ನು ಮೂಲದಲ್ಲಿ ತಿದ್ದಬೇಕೇ ಹೊರತು ನಕಲಿನಲ್ಲಲ್ಲ. ಮನೆಯ ಪ್ರತಿಯ ಮೇಲೆ ಮಸಿಯಿಂದ ಬರೆದುದು ಯಾವ ಕಚೇರಿಯಲ್ಲಿಯೂ ನಡೆಯದು.

3. ಪಹಣಿಯ ಕ್ಷೇತ್ರವನ್ನು ಮೋಜಣಿ ಇಲಾಖೆಯ ಆಕಾರಬಂದಿನೊಡನೆ ಹೋಲಿಸಬೇಕು. ವ್ಯತ್ಯಾಸ ಕಂಡಲ್ಲಿ ತಿದ್ದುಪಡಿಗೆ ಅರ್ಜಿಕೊಡಬೇಕು.

4. ಬೆಳೆ ಸಮೀಕ್ಷೆಯ ಕಾಲದಲ್ಲಿ ಗದ್ದೆಯಲ್ಲಿರುವ ಬೆಳೆಯೇ ನಮೂದಾಗಿದೆಯೇ ಎಂದು ನೋಡಬೇಕು. ಅಡಿಕೆಯ ನಡುವೆ ಕಾಳುಮೆಣಸಿದ್ದರೆ ಎರಡನ್ನೂ ಹೇಳಬೇಕು.

5. ‘ಫ್ರೂಟ್ಸ್’ ನೋಂದಣಿಯಲ್ಲಿ ತನ್ನ ಎಲ್ಲ ಸರ್ವೆ ನಂಬರು, ಹಿಸ್ಸೆಗಳು ಸೇರಿವೆಯೇ ಎಂದು ಪರೀಕ್ಷಿಸಬೇಕು. ಸಾಲ ತೀರಿಸಿದ ಮೇಲೆ 11ನೆಯ ಅಂಕಣದ ಋಣ ತೆಗೆಯಿಸುವುದನ್ನು ಮರೆಯಕೂಡದು.

ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಹೊಸ ಪಹಣಿ ತಂದು ಉಳಿದ ಕಾಗದಗಳೊಡನೆ ತಾಳೆನೋಡಲು ಒಂದು ದಿನ ಸಾಕು. ಗ್ರಾಮದ ಮುಖಂಡರು ಮೃತರ ಹೆಸರಿನಲ್ಲಿಯೇ ಉಳಿದಿರುವ ಖಾತೆಗಳ ಪಟ್ಟಿಮಾಡಿ, ಆ ಮನೆಗಳವರನ್ನು ಗ್ರಾಮ ಆಡಳಿತಾಧಿಕಾರಿಯ ಬಳಿಗೆ ಕಳುಹಿಸಿದರೆ ಊರಿಗೇ ಉಪಕಾರವಾಗುವುದು. ಬೀಜವನ್ನು ಮಳೆಗೆ ಮೊದಲೇ ಸಿದ್ಧಪಡಿಸುವಂತೆ ಲೆಕ್ಕವನ್ನೂ ಮೊದಲೇ ಸರಿಪಡಿಸಿಡುವುದು ಕ್ಷೇಮ.