ಬಣ್ಣದ ಭಟ್ಟಿ ಹೂಡುವ ಅಳಿಯನಿಗೆ

ಅಳಿಯ, ಇಳಕಲ್ಲಿನಲ್ಲಿ ಸೀರೆ ನೂಲಿಗೆ ಬಣ್ಣ ಹಾಕುವ ಭಟ್ಟಿ ಹೂಡುತ್ತೀಯಂತೆ, ಸಂತೋಷ. ನೂಲಿಗೆ ಬಣ್ಣ ಹಿಡಿಸುವುದನ್ನು ಕಲಿತಿದ್ದೀ. ಹಿಡಿಯದೆ ಉಳಿದ ಬಣ್ಣವನ್ನು ಏನು ಮಾಡಬೇಕೆಂದು ಮಾತ್ರ ನಾನು ಹೇಳುತ್ತೇನೆ.

• ಚಮಚೆಯ ಅಂದಾಜು ಬಿಡು, ತಕ್ಕಡಿ ಇಟ್ಟುಕೋ. ಹತ್ತಿ ನೂಲಿಗೆ ಹಾಕುವ ರಿಯಾಕ್ಟಿವ್ ಬಣ್ಣ ಸಾಮಾನ್ಯವಾಗಿ ನೂರಕ್ಕೆ 60ರಿಂದ 80 ಪಾಲು ಹಿಡಿದರೆ, ಮಿಕ್ಕಿದ್ದು ತೊಳೆದ ನೀರಿನ ಜೊತೆ ಹೋಗುತ್ತದೆ. ಅಳತೆ ಮೀರಿ ಸುರಿದ ಪುಡಿಗೆ ನೀನು ಕೊಟ್ಟ ದುಡ್ಡೂ ಚರಂಡಿಗೇ.

• ಹಳ್ಳಕ್ಕೆ ಬಿಟ್ಟರೆ ತೇಲಿಹೋಗುತ್ತದೆ ಅನ್ನಬೇಡ. ಬಣ್ಣದ ನೀರಿನೊಳಗೆ ಬಿಸಿಲು ಇಳಿಯುವುದಿಲ್ಲ, ಪಾಚಿ ಬೆಳೆಯುವುದಿಲ್ಲ. ಗಂಜಿ, ಸೋಪು, ಎಣ್ಣೆ ಕೊಳೆಯುತ್ತಾ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತವೆ. ಮೀನು ಉಸಿರುಗಟ್ಟಿ ಸಾಯುತ್ತವೆ.

• ನೀರು ತಿಳಿಯಾದ ಮಾತ್ರಕ್ಕೆ ಶುದ್ಧವಾಯಿತೆಂದು ನಂಬಬೇಡ. ಸುಣ್ಣ, ಅನ್ನಭೇದಿ ಹಾಕಿದರೆ ಬಣ್ಣ ಬಹುಮಟ್ಟಿಗೆ ಗಸಿಯಾಗಿ ತಳ ಸೇರುತ್ತದೆ. ಉಪ್ಪು ಮಾತ್ರ ಅಲ್ಲೇ ಇರುತ್ತದೆ. ಕಡುಬಣ್ಣ ಹಿಡಿಸಲು ಲೀಟರಿಗೆ 50 ಗ್ರಾಂಗಿಂತ ಹೆಚ್ಚು ಉಪ್ಪು ಹಾಕಬೇಕಾಗುತ್ತದೆ. ಆ ನೀರು ಹೊಲಕ್ಕೆ ನುಗ್ಗಿದರೆ ಎರೆಭೂಮಿ ಸವುಳಾಗುತ್ತದೆ, ಬಾವಿ ಕೆಡುತ್ತದೆ.

• ತಿರುಪ್ಪೂರಿನ ಗತಿ ತಿಳಿದುಕೋ. ನೊಯ್ಯಲ್ ನದಿಗೆ ಒರತ್ತುಪಾಳಯಂನಲ್ಲಿ 1992ರಲ್ಲಿ ಅಣೆಕಟ್ಟು ಕಟ್ಟಿದ್ದು ಬೆಳೆಗೆ ನೀರುಣಿಸಲೆಂದು. ಅದರಲ್ಲಿ ಮೇಲ್ಗಡೆಯ ತಿರುಪ್ಪೂರಿನ ಬಣ್ಣದ ಭಟ್ಟಿಗಳ ಕೊಳಕು ನೀರು ತುಂಬಿತು. ರೈತರು ಕೋರ್ಟಿಗೆ ಹೋದರು. ಹೊರಗೆ ಹನಿಯೂ ಬಿಡದ ವ್ಯವಸ್ಥೆ ಮಾಡಿಕೊಳ್ಳದ ಘಟಕಗಳನ್ನು ಮುಚ್ಚುವಂತೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶಿಸಿತು. ನೂರಾರು ಭಟ್ಟಿಗಳು ಒಟ್ಟಿಗೆ ನಿಂತವು, ಕೂಲಿಯವರ ಅನ್ನಕ್ಕೂ ಕಲ್ಲು ಬಿತ್ತು.

• ಅದ್ದಿದ ನೀರನ್ನೂ ತೊಳೆದ ನೀರನ್ನೂ ಬೆರೆಸಬೇಡ. ಉಪ್ಪಿನ ಬಹುಪಾಲು ಅದ್ದಿದ ತೊಟ್ಟಿಯಲ್ಲೇ ಉಳಿದಿರುತ್ತದೆ. ಆ ಅದ್ದಿದ ನೀರಿಗೆ ಸೋರದ ಸಿಮೆಂಟ್ ತೊಟ್ಟಿ ಕಟ್ಟಿ ಬಿಸಿಲಿಗೆ ಆರಲು ಬಿಡು, ನಮ್ಮ ಕಡೆ ಬಿಸಿಲಿಗೇನೂ ಬರವಿಲ್ಲ. ಲಡಿ ಎತ್ತಿದ ಕೂಡಲೇ ನೆಲಕ್ಕೆ ಸುರಿಸದೆ, ಕೋಲಿಗೆ ಹಾಕಿ ತೊಟ್ಟಿಯ ಮೇಲೆಯೇ ತಿರುವಿ ಹಿಂಡು. ಒಂದು ಲಾಟಿನ ಕೊನೆಯ ತೊಳೆನೀರು ಮುಂದಿನ ಲಾಟಿನ ಮೊದಲ ತೊಳೆತಕ್ಕೆ ಆಗುತ್ತದೆ. ತಿಳಿಬಣ್ಣ ಮೊದಲು, ಕಡುಬಣ್ಣ ಆಮೇಲೆ ಅದ್ದಿದರೆ ತೊಟ್ಟಿ ತೊಳೆಯುವ ನೀರೂ ಉಳಿಯುತ್ತದೆ.

• ಗಸಿಯನ್ನು ತಿಪ್ಪೆಗೆ ಎಸೆಯಬೇಡ. ಒಣಗಿಸಿ ಚೀಲಕ್ಕೆ ತುಂಬಿ, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿದವರಿಗೇ ಕೊಡು. 1974ರ ಜಲ ಕಾಯ್ದೆಯ ಪ್ರಕಾರ ಮಂಡಳಿಯ ಒಪ್ಪಿಗೆಯನ್ನು ಭಟ್ಟಿ ಕಟ್ಟಲು ತೊಡಗುವ ಮೊದಲೇ ಪಡೆ.

• ಪುಡಿ ತೂಗುವಾಗ ಫ್ಯಾನ್ ಆರಿಸು. ಮೂಗು ಒರೆಸಿದ ಬಟ್ಟೆಗೆ ನೀಲಿ, ಕೆಂಪು ಹತ್ತಿದರೆ ಪುಡಿ ಒಳಗೆ ಹೋಗಿದೆ ಎಂದೇ ತಿಳಿ. ರಿಯಾಕ್ಟಿವ್ ಪುಡಿಯಿಂದ ಕೆಲವರಿಗೆ ಅಸ್ತಮಾ ಬರುತ್ತದೆ. ಬಾಯಿಗೆ ಟವೆಲ್ ಸುತ್ತಿದರೆ ಸಾಲದು, ಧೂಳು ತಡೆಯುವ ಮಾಸ್ಕ್ ತರಿಸು.

• ಬಿಲ್ಲಿಲ್ಲದ ಅಗ್ಗದ ಬಣ್ಣ ಮುಟ್ಟಬೇಡ. ಬಣ್ಣದ ಕಾರ್ಖಾನೆಯವರಿಗೆ ಮೂತ್ರಕೋಶದ ಕ್ಯಾನ್ಸರ್ ಬರುವುದನ್ನು ಜರ್ಮನಿಯ ಲುಡ್ವಿಗ್ ರೆನ್ 1895ರಲ್ಲೇ ಗುರುತಿಸಿದ್ದರು. ಕೆಲವು ಅಜೋ ಬಣ್ಣಗಳು ಒಡೆದಾಗ ಬೆಂಜಿಡಿನ್‌ನಂಥ ವಿಷ ಹೊರಬರುತ್ತದೆ. ನಮ್ಮಲ್ಲಿ 1997ರಲ್ಲಿ ಅಂಥ 70 ಬಣ್ಣಗಳನ್ನು ನಿಷೇಧಿಸಿದರು. ರೋಗ ಹತ್ತಿಪ್ಪತ್ತು ವರ್ಷ ಕಳೆದ ಮೇಲೂ ಕಾಣಿಸಿಕೊಳ್ಳಬಹುದು. ಮೂತ್ರದಲ್ಲಿ ರಕ್ತ ಕಂಡರೆ ಕೆಲಸದವರು ಮುಚ್ಚಿಡದೆ ಡಾಕ್ಟರಿಗೆ ತೋರಿಸಲಿ, ಮಾಡುವ ಕೆಲಸ ಏನೆಂದೂ ಹೇಳಲಿ.

• ಲಡಿ ಜಾಲಿಸುವ ಹೆಂಗಸರಿಗೂ ಮೊಣಕೈವರೆಗಿನ ರಬ್ಬರ್ ಗ್ಲೌಸ್ ಕೊಡು. ಕೈಗೆ ಹತ್ತಿದ ಬಣ್ಣವನ್ನು ಬ್ಲೀಚಿಂಗ್ ಪುಡಿಯಿಂದ ಉಜ್ಜಲು ಬಿಡಬೇಡ, ಚರ್ಮ ಬಿರಿಯುತ್ತದೆ. ಹೈಡ್ರೋಸ್ (ಸೋಡಿಯಂ ಹೈಡ್ರೋಸಲ್ಫೈಟ್) ಪುಡಿಗೆ ತೇವ ತಾಗಿದರೆ ತಾನೇ ಹೊತ್ತಿಕೊಳ್ಳಬಹುದು, ಅದರ ಡಬ್ಬಿಯನ್ನು ಎತ್ತರದ ಒಣ ಜಾಗದಲ್ಲಿಡು. ಖಾಲಿ ಡ್ರಮ್ಮುಗಳು ಯಾರ ಮನೆಯ ಕುಡಿಯುವ ನೀರಿಗೂ ಹೋಗಕೂಡದು.

• ‘ನೈಸರ್ಗಿಕ ಬಣ್ಣ’ ಅಂದಾಕ್ಷಣ ನಿಶ್ಚಿಂತೆಯಲ್ಲ. ಮಂಜಿಷ್ಠ, ದಾಳಿಂಬೆ ಸಿಪ್ಪೆ ಒಳ್ಳೆಯವೇ. ಆದರೆ ಬಣ್ಣ ನಿಲ್ಲಿಸಲು ಮೈಲುತುತ್ತ ಹಾಕಿದರೆ ಮೀನಿಗೆ ಅದೂ ವಿಷ. ಪಟಿಕದಲ್ಲಿ ಆಗುವಷ್ಟು ಕೆಲಸ ಪಟಿಕದಲ್ಲೇ ಮುಗಿಸು.

• ಕೊನೆಯದಾಗಿ, ಲಡಿಯ ದರ ಕಟ್ಟುವಾಗ ಪುಡಿ, ಉರುವಲು, ಕೂಲಿಯ ಜೊತೆ ನೀರು ಶುದ್ಧಮಾಡುವ ಖರ್ಚನ್ನೂ ಮೊದಲ ದಿನದಿಂದಲೇ ಸೇರಿಸು. ಯಾಕೆ ತುಟ್ಟಿ ಎಂದು ಸಾವಕಾರ ಕೇಳಿದರೆ ತೊಟ್ಟಿಗಳನ್ನು ತೋರಿಸು. ನೀನು ಕಡಿಮೆಗೆ ಒಪ್ಪಿದರೆ ಬಾಕಿ ಹಣ ಕೊಡುವವರು ಬಾವಿ ಕೆಟ್ಟ ರೈತರು.